ಕಾಡುದಾರಿಯ ಟ್ರಯಾಥ್ಲಾನ್: ನಿಲ್ಲದೆ ಮುಗಿಸುವುದು ಹೇಗೆ?

ಮೊದಲು ಈಜು, ಆಮೇಲೆ ಮಣ್ಣು ಕಲ್ಲಿನ ದಾರಿಯಲ್ಲಿ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್), ಕೊನೆಗೆ ಕಾಡಿನ ಕಾಲುದಾರಿಯಲ್ಲಿ ಓಟ. ಇದೇ ಆಫ್-ರೋಡ್ ಟ್ರಯಾಥ್ಲಾನ್. ಮೂರರಲ್ಲಿ ಯಾವುದರಲ್ಲೂ ನಾನು ವೇಗದವಳಲ್ಲ. ಕೂತು ಮಾಡುವ ಕೆಲಸ, ದಪ್ಪ ಕನ್ನಡಕ, ವಾರಕ್ಕೆ ಏಳೆಂಟು ಗಂಟೆ ಅಭ್ಯಾಸಕ್ಕೆ ಸಿಕ್ಕರೆ ಅದೇ ಪುಣ್ಯ. ಆದರೂ ನನಗಿಂತ ಎಷ್ಟೋ ಗಟ್ಟಿ ಇರುವವರು ರೇಸಿನಲ್ಲಿ ನನ್ನ ಹಿಂದೆ ಉಳಿಯುತ್ತಾರೆ. ಯಾಕೆಂದರೆ ಅವರು ನಿಲ್ಲುತ್ತಾರೆ. ಪಂಕ್ಚರ್ ಆಯಿತೆಂದು, ಚೈನ್ ಕಿತ್ತಿತೆಂದು, ಹೊಟ್ಟೆ ತೊಳಸಿತೆಂದು, ತೊಡೆ ಹಿಡಿದುಕೊಂಡಿತೆಂದು. ದಾರಿ ಬದಿಯಲ್ಲಿ ಹತ್ತು ನಿಮಿಷ ಕೂತರೆ ತಿಂಗಳುಗಟ್ಟಲೆ ಗಳಿಸಿದ ವೇಗ ಅಲ್ಲೇ ಖರ್ಚಾಗುತ್ತದೆ. ಹಾಗಾಗಿ ತಯಾರಿಯಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನು ಎಲ್ಲಿ ನಿಲ್ಲಬೇಕಾಗಿ ಬರಬಹುದು?

ರೇಸ್ ಆರಿಸುವಾಗ

ಈ ಆಟಕ್ಕೆ ಹೆಸರು ತಂದದ್ದು ಎಕ್ಸ್‌ಟೆರಾ ಅನ್ನುವ ರೇಸ್ ಸರಣಿ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾಯಿತು. ಅವರ ಪೂರ್ತಿ ದೂರ ಸುಮಾರು 1.5 ಕಿಮೀ ಈಜು, 30 ಕಿಮೀ ಬೈಕ್, 10 ಕಿಮೀ ಓಟ. ವರ್ಲ್ಡ್ ಟ್ರಯಾಥ್ಲಾನ್ ಸಂಸ್ಥೆ ಇದನ್ನೇ ಕ್ರಾಸ್ ಟ್ರಯಾಥ್ಲಾನ್ ಅನ್ನುತ್ತದೆ, 2011ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಕೂಡ ಇದೆ. ಮೊದಲ ಸಲಕ್ಕೆ ಇದರ ಅರ್ಧ ದೂರದ ಸ್ಪ್ರಿಂಟ್ ಸಾಕು. ಅದಕ್ಕೂ ಮೊದಲು ಒಂದು ಸಣ್ಣ ಟ್ರೇಲ್ ಓಟ (ಬರೀ ಕಾಲುದಾರಿಯ ಓಟ) ಮುಗಿಸಿಕೊಳ್ಳಿ, ಖರ್ಚೂ ಕಡಿಮೆ.

ದೂರ ನೋಡಿ ಮೋಸ ಹೋಗಬೇಡಿ, ಏರು ನೋಡಿ. ಟ್ರೇಲ್ ಓಟದವರ ಲೆಕ್ಕ ಹೀಗಿದೆ: 100 ಮೀಟರ್ ಏರು ಅಂದರೆ ಸಮತಟ್ಟಿನ 1 ಕಿಮೀ. ಅಂದರೆ 15 ಕಿಮೀ ದೂರ, 800 ಮೀಟರ್ ಏರು ಇರುವ ರೇಸು 23 ಕಿಮೀ ಓಟಕ್ಕೆ ಸಮ. ರಸ್ತೆಯಲ್ಲಿ ಕಿಮೀಗೆ ಆರು ನಿಮಿಷ ತಗೊಳ್ಳುವವರಿಗೆ ಇದು ಎರಡು ಗಂಟೆ ಇಪ್ಪತ್ತು ನಿಮಿಷದ ಕೆಲಸ. ಕಲ್ಲು, ಬೇರು, ಕೆಸರು ಇದ್ದರೆ ಇನ್ನೂ ಜಾಸ್ತಿ. ಈ ಅಂದಾಜನ್ನು ರೇಸಿನ ಕಟ್-ಆಫ್ ಸಮಯದ, ಅಂದರೆ ಮುಗಿಸಲು ಕೊಟ್ಟ ಗಡುವಿನ, ಪಕ್ಕ ಇಟ್ಟು ನೋಡಿ, ಆಮೇಲೆ ದುಡ್ಡು ಕಟ್ಟಿ.

ಈಜು

ಇದು ಚಿಕ್ಕ ಭಾಗ, ಆದರೆ ಹೆದರಿಸುವ ಭಾಗ. ತಣ್ಣೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ಮೇಲಕ್ಕೆ ಎಳೆದುಕೊಳ್ಳುತ್ತದೆ, ಎದೆ ಬಿಗಿಯುತ್ತದೆ. ದೇಹ ತಣ್ಣೀರಿಗೆ ಹಾಗೆಯೇ ಪ್ರತಿಕ್ರಿಯಿಸುತ್ತದೆ, ನಿಮ್ಮ ಫಿಟ್‌ನೆಸ್‌ಗೂ ಅದಕ್ಕೂ ಸಂಬಂಧ ಇಲ್ಲ. ರೇಸ್ ಶುರುವಾಗುವ ಮೊದಲೇ ನೀರಿಗಿಳಿದು, ಮುಖ ಮುಳುಗಿಸಿ, ನಿಧಾನವಾಗಿ ನೀರೊಳಗೆ ಉಸಿರು ಬಿಡುತ್ತಾ ಆ ಎರಡು ನಿಮಿಷವನ್ನು ಅಲ್ಲೇ ಕಳೆದುಬಿಡಿ. ಶುರುವಿಗೆ ಗುಂಪಿನ ನಡುವೆ ನಿಲ್ಲಬೇಡಿ. ಅಂಚಿನಲ್ಲಿ ಹೊರಟರೆ ಹತ್ತು ಮೀಟರ್ ಜಾಸ್ತಿ ಈಜುತ್ತೀರಿ, ಮುಖಕ್ಕೆ ಒದೆ ಬೀಳುವುದು ತಪ್ಪುತ್ತದೆ.

ಪೂಲ್‌ನಲ್ಲಿ ಕಲಿಯದ ಒಂದು ವಿದ್ಯೆ ಇಲ್ಲಿ ಬೇಕು: ತಲೆ ಎತ್ತಿ ದಿಕ್ಕು ನೋಡುವುದು. ಎಂಟ್ಹತ್ತು ಕೈಗೊಮ್ಮೆ ಕಣ್ಣು ಮಾತ್ರ ನೀರಿನಿಂದ ಮೇಲೆ ಬರಲಿ, ಉಸಿರು ಮಾತ್ರ ಪಕ್ಕಕ್ಕೇ ತಿರುಗಿ ತಗೊಳ್ಳಿ. ದಾರಿ ತೋರಿಸಲು ನೀರಲ್ಲಿ ತೇಲಿಬಿಟ್ಟ ಬೋಯೆ (ಬುರುಡೆ) ಅಲೆಯಲ್ಲಿ ಕಾಣುವುದಿಲ್ಲ. ಅದರ ನೇರಕ್ಕೆ ಹಿಂದೆ ಇರುವ ಗುಡ್ಡವನ್ನೋ ಎತ್ತರದ ಮರವನ್ನೋ ದಡದಲ್ಲಿದ್ದಾಗಲೇ ಗುರುತು ಹಾಕಿಕೊಳ್ಳಿ. ನನ್ನ ಹಾಗೆ ದೂರದ್ದು ಮಸುಕಾಗಿ ಕಾಣುವವರು ಪವರ್ ಇರುವ ಈಜು ಕನ್ನಡಕ ತಗೊಳ್ಳಿ. ಅದರ ಪಟ್ಟಿ ಟೋಪಿಯ ಒಳಗಿರಲಿ, ಯಾರ ಕೈ ತಗುಲಿದರೂ ಕಳಚುವುದಿಲ್ಲ. ಕೆರೆ, ಸಮುದ್ರದಲ್ಲಿ ಒಬ್ಬರೇ ಅಭ್ಯಾಸ ಮಾಡಬೇಡಿ, ಎಷ್ಟೇ ಚೆನ್ನಾಗಿ ಈಜು ಬರಲಿ.

ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ವಿಷಯ ನಿಯಮ ಪುಸ್ತಕದಲ್ಲೇ ನೋಡಿ. ವರ್ಲ್ಡ್ ಟ್ರಯಾಥ್ಲಾನ್ ನಿಯಮದಲ್ಲಿ ಈ ದೂರಕ್ಕೆ ನೀರು 22 ಡಿಗ್ರಿ ದಾಟಿದರೆ ಹವ್ಯಾಸಿಗಳು ಅದನ್ನು ಹಾಕುವ ಹಾಗಿಲ್ಲ. ಬೇರೆ ಆಯೋಜಕರ ಮಿತಿ ಬೇರೆ ಇರಬಹುದು. ಬೆಳಿಗ್ಗೆ ಬೇಡ ಅಂದುಬಿಟ್ಟರೆ ಅದಿಲ್ಲದೆ ಈಜುವ ಧೈರ್ಯ ಇರಬೇಕು ಅಷ್ಟೆ.

ಬಟ್ಟೆ, ಹೆಲ್ಮೆಟ್, ಬೂಟು

ಈಜಿನಿಂದ ಬೈಕಿಗೆ, ಬೈಕಿನಿಂದ ಓಟಕ್ಕೆ ಬದಲಾಗುವ ಟ್ರಾನ್ಸಿಷನ್ ಜಾಗದಲ್ಲಿ ನನ್ನ ಹೆಲ್ಮೆಟ್ ಬೋರಲಾಗಿ ಇರುವುದಿಲ್ಲ, ಬಟ್ಟಲಿನಂತೆ ಮೇಲ್ಮುಖವಾಗಿ ಹ್ಯಾಂಡಲ್ ಮೇಲೆ ಕೂತಿರುತ್ತದೆ. ಅದರೊಳಗೆ ಕನ್ನಡಕ, ಕಡ್ಡಿ ಬಿಡಿಸಿ. ಮೊದಲು ಕನ್ನಡಕ, ಆಮೇಲೆ ಹೆಲ್ಮೆಟ್, ಪಟ್ಟಿ ಲಾಕ್, ಕೊನೆಗೆ ಬೈಕ್‌ಗೆ ಕೈ. ಈ ಕ್ರಮ ಬದಲಾಗಬಾರದು. ಪಟ್ಟಿ ಹಾಕದೆ ಬೈಕ್ ಮುಟ್ಟಿದರೆ ದಂಡ ಬೀಳುತ್ತದೆ, ಓಟಕ್ಕೆ ಹೋಗುವಾಗಲೂ ಬೈಕ್ ತೂಗಿಹಾಕಿದ ಮೇಲೆಯೇ ಪಟ್ಟಿ ಬಿಚ್ಚಬೇಕು.

ರಸ್ತೆ ಟ್ರಯಾಥ್ಲಾನಿನವರು ಸಾಕ್ಸ್ ಬಿಡುತ್ತಾರೆ. ಇಲ್ಲಿ ಬೇಡ. ದಡದ ಮರಳು ಕಾಲಿಗೆ ಅಂಟಿರುತ್ತದೆ, ಹತ್ತು ಕಿಮೀ ಓಡುವಷ್ಟರಲ್ಲಿ ಬೊಬ್ಬೆ ಗ್ಯಾರಂಟಿ. ಒಂದು ಹಳೇ ಬಾಟಲಿಯಲ್ಲಿ ನೀರಿಡಿ, ಕಾಲು ತೊಳೆದು, ಮೊದಲೇ ಅರ್ಧ ಸುತ್ತಿಟ್ಟ ಸಾಕ್ಸ್ ಏರಿಸಿ. ಅರ್ಧ ನಿಮಿಷ ಹೋಗುತ್ತದೆ, ಹೋಗಲಿ ಬಿಡಿ.

ಬೈಕ್: ಗಾಳಿಯಿಂದ ಶುರು ಮಾಡಿ

ಹೊಸಬರು ಬೈಕ್ ತೂಕದ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಟೈರಿನ ಗಾಳಿಯ ಬಗ್ಗೆ ಮಾತಾಡಿ. ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ) ಟೈರು ಈ ಆಟಕ್ಕೆ ಬೇಕೇ ಬೇಕು. ಟ್ಯೂಬ್ ಇದ್ದರೆ ಗಾಳಿ ಕಡಿಮೆ ಮಾಡಿದ ಕೂಡಲೇ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುತ್ತದೆ, ಗಾಳಿ ಜಾಸ್ತಿ ಮಾಡಿದರೆ ಹಿಡಿತ ಇರುವುದಿಲ್ಲ. 60 ಕೆಜಿ ಆಸುಪಾಸಿನ ನನಗೆ 29 ಇಂಚಿನ, 2.3 ಅಗಲದ ಟೈರಿನಲ್ಲಿ ಮುಂದೆ 19, ಹಿಂದೆ 21 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿಹೋಗುತ್ತದೆ. ನಿಮ್ಮದು ಬೇರೆ ಇರುತ್ತದೆ, ಕಂಡುಹಿಡಿಯುವ ದಾರಿ ಹೇಳುತ್ತೇನೆ. ಬೇರು ಕಲ್ಲು ಇರುವ ಒಂದು ಚಿಕ್ಕ ಇಳಿಜಾರು ಆರಿಸಿ. ಸ್ವಲ್ಪ ಜಾಸ್ತಿ ಗಾಳಿಯಿಂದ ಶುರು ಮಾಡಿ, ಪ್ರತಿ ಸಲ ಒಂದೊಂದು ಪಿಎಸ್‌ಐ ಇಳಿಸುತ್ತಾ ಅದೇ ಜಾಗದಲ್ಲಿ ಇಳಿಯಿರಿ. ರಿಮ್ಮು ಕಲ್ಲಿಗೆ ಟಣ್ ಅಂತ ಬಡಿದ ಕೂಡಲೇ ಎರಡು ಪಿಎಸ್‌ಐ ಮೇಲೇರಿಸಿ, ಬರೆದಿಟ್ಟುಕೊಳ್ಳಿ. ಯಾವಾಗಲೂ ಒಂದೇ ಗೇಜ್ ಬಳಸಿ. ಎರಡು ಗೇಜ್ ಒಂದೇ ಅಂಕಿ ತೋರಿಸುವುದು ಅಪರೂಪ. ಹವೆ 10 ಡಿಗ್ರಿ ಬದಲಾದರೆ ಟೈರಿನಲ್ಲಿ ಸುಮಾರು ಒಂದು ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಹಾಗಾಗಿ ಹಿಂದಿನ ರಾತ್ರಿ ನೋಡಿದ್ದು ಲೆಕ್ಕಕ್ಕಿಲ್ಲ, ರೇಸಿನ ಬೆಳಿಗ್ಗೆ ಮತ್ತೆ ನೋಡಿ.

ಟೈರಿನೊಳಗಿನ ಸೀಲೆಂಟ್ (ತೂತು ತಾನಾಗಿ ಮುಚ್ಚುವ ಹಾಲಿನಂಥ ದ್ರವ) ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಸದ್ದು ಬರದಿದ್ದರೆ ಹೊಸದು ಹಾಕಿ.

ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಹಾಕುವುದನ್ನು ಮನೆಯಲ್ಲೇ ಹಳೇ ಟೈರಿನ ಮೇಲೆ ಕಲಿಯಿರಿ. ಸುಯ್ಯ್ ಅಂತ ಸದ್ದು ಬಂದು ಕಾಲಿಗೆ ಬಿಳಿ ಹಾಲು ಸಿಡಿದರೆ ತೂತು ಆಗಿದೆ ಅಂತ ಅರ್ಥ. ಗಾಬರಿ ಬೇಡ. ಇಳಿದು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ. ಹಾಲು ಅಲ್ಲಿ ಶೇಖರವಾಗಿ ಹತ್ತು ಸೆಕೆಂಡಿನಲ್ಲಿ ಸದ್ದು ನಿಲ್ಲಬಹುದು. ನಿಲ್ಲದಿದ್ದರೆ ಪ್ಲಗ್ ಪೋಣಿಸಿದ ಸೂಜಿಯನ್ನು ನೇರವಾಗಿ ಒತ್ತಿ, ಪ್ಲಗ್‌ನ ತುದಿ ಒಂದು ಸೆಂಟಿಮೀಟರ್ ಹೊರಗೆ ಉಳಿಯಬೇಕು. ಸೂಜಿಯನ್ನು ಝಟ್ ಅಂತ ಎಳೆದುಬಿಡಿ. ಗಾಳಿ ತುಂಬುವಾಗ ವಾಲ್ವ್ ಮೇಲ್ಭಾಗಕ್ಕೆ ಇರಲಿ, ಕೆಳಗಿದ್ದರೆ ಸೀಲೆಂಟ್ ವಾಲ್ವ್‌ನೊಳಗೆ ಸೇರಿ ಕಟ್ಟಿಕೊಳ್ಳುತ್ತದೆ. ಅಗಲ ಟೈರಿಗೆ 16 ಗ್ರಾಂನ ಸಿಒಟು (ಇಂಗಾಲದ ಡೈಆಕ್ಸೈಡ್) ಗಾಳಿ ತುಂಬುವ ಪುಟ್ಟ ಸಿಲಿಂಡರ್ ಸಾಲದೆ ಹೋಗಬಹುದು, 25 ಗ್ರಾಂನದು ಇಟ್ಟುಕೊಳ್ಳಿ. ಕೈ ಪಳಗಿದರೆ ಎಲ್ಲ ಸೇರಿ ಎರಡು ನಿಮಿಷ.

ಚೀಲದಲ್ಲಿ ಇನ್ನೆರಡು ವಸ್ತು ಇರಲಿ. ಕಿತ್ತ ಚೈನನ್ನು ಮತ್ತೆ ಜೋಡಿಸುವ, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ (12 ಗೇರಿನ ಚೈನಿನದು 11 ಗೇರಿನದಕ್ಕೆ ಕೂರುವುದಿಲ್ಲ) ಮತ್ತು ಡಿರೇಲರ್ ಹ್ಯಾಂಗರ್. ಹ್ಯಾಂಗರ್ ಅನ್ನುವುದು ಹಿಂದಿನ ಗೇರ್ ತೂಗುವ ಚಿಕ್ಕ ಅಲ್ಯೂಮಿನಿಯಂ ತುಂಡು. ಬಿದ್ದಾಗ ಫ್ರೇಮ್ ಉಳಿಯಲಿ ಅಂತ ಅದು ಬಾಗುತ್ತದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಆಯೋಜಕರ ಡೇರೆಯಲ್ಲಿ ನಿಮ್ಮದು ಸಿಗುತ್ತದೆ ಅಂತ ನಂಬಬೇಡಿ.

ಓಡಿಸುವ ರೀತಿ

ಕಣ್ಣು ಎಲ್ಲಿಗೆ ಹೋಗುತ್ತದೋ ಬೈಕ್ ಅಲ್ಲಿಗೆ ಹೋಗುತ್ತದೆ. ಕಲ್ಲನ್ನೇ ದಿಟ್ಟಿಸಿದರೆ ಕಲ್ಲಿಗೇ ಗುದ್ದುತ್ತೀರಿ, ಪಕ್ಕದ ಸಂದಿಯನ್ನು ನೋಡಿ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮಕ್ಕೆ ಇಟ್ಟು, ಹಿಮ್ಮಡಿ ಕೆಳಗೊತ್ತಿ. ಭಾರ ಕಾಲ ಮೇಲಿರಲಿ, ಕೈ ಸಡಿಲ ಇರಲಿ. ಬ್ರೇಕಿಗೆ ಒಂದೇ ಬೆರಳು ಸಾಕು, ತಿರುವಿಗೆ ಮುಂಚೆ ಹಿಡಿದು ತಿರುವಿನೊಳಗೆ ಬಿಡಿ. ಮುಂದಿನ ಬ್ರೇಕಿಗೆ ಹೆದರುವವರು ಜಾಸ್ತಿ, ಆದರೆ ವೇಗ ತಗ್ಗಿಸುವುದು ಮುಖ್ಯವಾಗಿ ಅದೇ. ಹಿಂದಿನದನ್ನು ಮಾತ್ರ ಅದುಮಿದರೆ ಚಕ್ರ ಜಾರುತ್ತದೆ. ಇದೆಲ್ಲ ಕಲಿಯಲು ಬೆಟ್ಟ ಬೇಕಾಗಿಲ್ಲ. ಖಾಲಿ ಮೈದಾನದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಆದಷ್ಟು ನಿಧಾನವಾಗಿ, ಕಾಲು ಊರದೆ ಸುತ್ತಿ. ವಾರಕ್ಕೆ ಎರಡು ಸಲ ಕಾಲು ಗಂಟೆ ಮಾಡಿದರೆ ಎರಡು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಏರಿನಲ್ಲಿ ಕಡಿದಾದ ಭಾಗ ಬರುವ ಮುಂಚೆ ಗೇರ್ ಇಳಿಸಿ. ಭಾರ ಬಿದ್ದಾಗ ಇಳಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಿತ್ತೇಹೋಗುತ್ತದೆ. ಸೀಟಿನ ಮೂಗಿನ ಮೇಲೆ ಕೂತು ಮೊಣಕೈ ಬಗ್ಗಿಸಿ. ಆಗಲಿಲ್ಲ ಅನ್ನಿಸಿದರೆ ಬೈಕ್ ನಿಲ್ಲುವ ಮೊದಲೇ ಇಳಿದು ತಳ್ಳಿಕೊಂಡು ಓಡಿ, ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ತೀರಾ ಕಡಿದಾದ ಕಡೆ ತಳ್ಳುವವರೂ ತುಳಿಯುವವರೂ ಹೆಚ್ಚು ಕಡಿಮೆ ಒಟ್ಟಿಗೇ ಮೇಲೆ ತಲುಪುತ್ತಾರೆ, ತಳ್ಳಿದವರ ತೊಡೆ ಓಟಕ್ಕೆ ಉಳಿದಿರುತ್ತದೆ.

ಕಿರಿದಾದ ದಾರಿಯಲ್ಲಿ ದಾಟುವಾಗ ಯಾವ ಕಡೆಯಿಂದ ಬರುತ್ತಿದ್ದೀರಿ ಅಂತ ಕೂಗಿ ಹೇಳಿ, ಅವರು ಜಾಗ ಕೊಡುವವರೆಗೆ ಕಾಯಿರಿ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗಬೇಡಿ, ಕಲ್ಲು ಕಾಣುವುದಿಲ್ಲ. ಎರಡು ಬೈಕ್ ಉದ್ದದ ಅಂತರ ಬಿಡಿ.

ಊಟದ ನಕ್ಷೆ

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಕಲ್ಲಿನ ದಾರಿಯಲ್ಲಿ ಹ್ಯಾಂಡಲ್ ಬಿಟ್ಟು ತಿನ್ನುವುದು ಹೇಗೆ? ಇಪ್ಪತ್ತು ನಿಮಿಷಕ್ಕೊಮ್ಮೆ ವಾಚ್ ಕೂಗುವ ಹೊತ್ತಿಗೆ ನೀವು ಕಡಿದಾದ ಇಳಿಜಾರಿನಲ್ಲಿರುತ್ತೀರಿ. ಹಾಗಾಗಿ ನಾನು ಗಡಿಯಾರ ನೋಡಿ ತಿನ್ನುವುದಿಲ್ಲ, ಜಾಗ ನೋಡಿ ತಿನ್ನುತ್ತೇನೆ. ಹಿಂದಿನ ದಿನ ಒಂದು ಸುತ್ತು ಓಡಿಸುವಾಗ ಅಗಲವಾದ, ಸಮತಟ್ಟಾದ ತುಣುಕುಗಳನ್ನು ಗುರುತು ಮಾಡಿಕೊಳ್ಳುತ್ತೇನೆ: ಗೇಟ್ ದಾಟಿದ ಮೇಲೆ ಒಂದು ಜೆಲ್ (ಪೊಟ್ಟಣದಲ್ಲಿ ಬರುವ ಸಿಹಿ ಪಾಕ), ಕೊನೆಯ ಅಗಲ ದಾರಿಯಲ್ಲಿ ಇನ್ನೊಂದು. ಕಿಮೀ ಸಂಖ್ಯೆಯನ್ನು ಪಟ್ಟಿಯ ಮೇಲೆ ಬರೆದು ಹ್ಯಾಂಡಲಿಗೆ ಅಂಟಿಸುತ್ತೇನೆ. ನೀರಿಗೆ ಬೆನ್ನಿನ ಚೀಲದ ಕೊಳವೆ ಒಳ್ಳೆಯದು, ಬಾಟಲಿಯ ಬಾಯಿಗೆ ಕೆಸರು ಮೆತ್ತುತ್ತದೆ. ಬಾಯಾರಿಕೆಗಿಂತ ಜಾಸ್ತಿ ಸುಮ್ನೆ ನೀರು ಸುರಿದುಕೊಳ್ಳಬೇಡಿ. ರಕ್ತದಲ್ಲಿ ಸೋಡಿಯಂ ತೀರಾ ಇಳಿದರೆ ಅಪಾಯ. ಅಭ್ಯಾಸದಲ್ಲಿ ತಿನ್ನದ ಯಾವುದನ್ನೂ ರೇಸಿನಲ್ಲಿ ತಿನ್ನಬೇಡಿ.

ಓಟ

ಬೈಕ್ ಇಳಿದ ಮೊದಲ ಕಿಮೀ ಕಾಲು ಯಾರದೋ ಅನ್ನಿಸುತ್ತದೆ, ಅಲ್ವಾ? ವಾರಕ್ಕೊಮ್ಮೆ ಬೈಕ್ ಮುಗಿಸಿ ಹದಿನೈದು ನಿಮಿಷ ಓಡಿದರೆ ಇದು ತಾನಾಗಿ ಕಡಿಮೆಯಾಗುತ್ತದೆ. ಕಡಿದಾದ ಏರಿನಲ್ಲಿ ಮಂಡಿಯ ಮೇಲೆ ಕೈಯೂರಿ ಬಿರುಸಾಗಿ ನಡೆಯಿರಿ, ಇದರಲ್ಲಿ ನಾಚಿಕೆ ಏನೂ ಇಲ್ಲ. ಮುಂಚೂಣಿಯವರೂ ನಡೆಯುತ್ತಾರೆ.

ತೊಡೆ ಕೈಕೊಡುವುದು ಮಾತ್ರ ಹೆಚ್ಚಾಗಿ ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದರಿಂದ ನಾರು ಹರಿಯುವುದು ಜಾಸ್ತಿ. ಒಳ್ಳೆಯ ಸುದ್ದಿ ಏನೆಂದರೆ ಒಂದೆರಡು ಸಲ ಇಳಿಜಾರು ಅಭ್ಯಾಸ ಮಾಡಿದ ತೊಡೆ ಕೆಲವು ವಾರ ಅದಕ್ಕೆ ಗಟ್ಟಿಯಾಗಿರುತ್ತದೆ. ರೇಸಿಗೆ ನಾಲ್ಕು ವಾರ ಇರುವಾಗ ಶುರು ಮಾಡಿ, ಕೊನೆಯ ಹತ್ತು ದಿನ ಬಿಟ್ಟುಬಿಡಿ. ಹೆಜ್ಜೆ ಚಿಕ್ಕದಿರಲಿ, ಹಿಂದಕ್ಕೆ ಒರಗಬೇಡಿ, ನೋಟ ಮೂರು ನಾಲ್ಕು ಮೀಟರ್ ಮುಂದಿರಲಿ, ಕೈ ಅಗಲ ಬಿಡಿ.

ಕನ್ನಡಕದವರಿಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಪ್ರೋಗ್ರೆಸಿವ್ ಲೆನ್ಸ್ ಹಾಕಿಕೊಂಡು ಇಳಿಜಾರು ಓಡಬೇಡಿ. ಕೆಳಭಾಗ ಓದುವುದಕ್ಕೆ ಇರುವ ಪವರ್, ನೆಲ ನೋಡಿದಾಗ ಕಲ್ಲು ಮಸುಕಾಗಿ ತೇಲುತ್ತದೆ. ದೂರದ ಪವರ್ ಮಾತ್ರ ಇರುವ ಒಂದು ಜೊತೆ ಮಾಡಿಸಿ, ಹಿಂದೆ ಪಟ್ಟಿ ಕಟ್ಟಿ.

ಶೂ ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲು ಸಾಮಾನ್ಯವಾಗಿ ಸಾಕು. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಬೇಕು, ಇಲ್ಲದಿದ್ದರೆ ಇಳಿಜಾರು ಉಗುರನ್ನು ಕಪ್ಪು ಮಾಡುತ್ತದೆ.

ಟ್ರೇಲ್ ಓಟಕ್ಕೆ ಮಾತ್ರ ಹೋಗುವವರು ಕಡ್ಡಾಯ ಸಾಮಾನಿನ ಪಟ್ಟಿ ನೋಡಿ. 2003ರಿಂದ ಫ್ರಾನ್ಸಿನ ಶಾಮೋನಿಯಲ್ಲಿ ನಡೆಯುವ ಯುಟಿಎಂಬಿಯಂಥ ಬೆಟ್ಟದ ದೂರದ ಓಟಗಳಲ್ಲಿ ಹೆಡ್‌ಲ್ಯಾಂಪ್, ಸೀಟಿ, ಮಳೆ ಜಾಕೆಟ್, ಮೈ ಬೆಚ್ಚಗಿಡುವ ತೆಳು ಬೆಳ್ಳಿಬಣ್ಣದ ಹೊದಿಕೆ ಎಲ್ಲ ಚೀಲದಲ್ಲಿ ಇರಲೇಬೇಕು. ಚಿಕ್ಕ ರೇಸಿನಲ್ಲಿ ಕೇಳದಿದ್ದರೂ ಸೀಟಿ ಮತ್ತು ಹೊದಿಕೆ ಒಯ್ಯಿರಿ, ಎರಡೂ ಸೇರಿ ನೂರು ಗ್ರಾಂ ಆಗುವುದಿಲ್ಲ. ಐದು ನಿಮಿಷ ದಾರಿಗುರುತು ಕಾಣದಿದ್ದರೆ ಮುಂದೆ ಹೋಗಬೇಡಿ, ಕೊನೆಯ ಗುರುತಿಗೆ ವಾಪಸ್ ಬನ್ನಿ. ಯಾರಾದರೂ ಬಿದ್ದು ಪೆಟ್ಟಾಗಿದ್ದರೆ ಸಮಯದ ಚಿಂತೆ ಬಿಟ್ಟು ನಿಲ್ಲಿ, ಬಹಳಷ್ಟು ರೇಸುಗಳಲ್ಲಿ ಅದು ನಿಯಮ ಕೂಡ.

ಮುಗಿದ ಮೇಲೆ

ತೊಡೆ ನೋವು ಮರುದಿನಕ್ಕಿಂತ ಅದರ ಮಾರನೇ ದಿನ ಜಾಸ್ತಿ ಇರಬಹುದು, ಮೆಟ್ಟಿಲು ಹಿಂದುಮುಂದಾಗಿ ಇಳಿಯುವ ಪರಿಸ್ಥಿತಿ ಬಂದರೂ ಗಾಬರಿ ಬೇಡ. ಬೈಕ್ ತೊಳೆಯುವಾಗ ಜೋರಾದ ಪೈಪ್ ನೀರನ್ನು ಬೇರಿಂಗ್ ಕಡೆ ಹಿಡಿಯಬೇಡಿ, ಗ್ರೀಸ್ ಕೊಚ್ಚಿಹೋಗುತ್ತದೆ. ಚೈನ್ ಒರೆಸಿ ಎಣ್ಣೆ ಹಾಕಿ. ಬಳಸಿದ ಪ್ಲಗ್, ಸಿಲಿಂಡರ್, ಲಿಂಕ್ ಏನಿದ್ದರೂ ಅದೇ ವಾರ ತಂದು ಚೀಲಕ್ಕೆ ಹಾಕಿಬಿಡಿ. ಮುಂದಿನ ರೇಸಿನ ಹಿಂದಿನ ರಾತ್ರಿ ನೆನಪಾದರೆ ಅಂಗಡಿ ಬಾಗಿಲು ಹಾಕಿರುತ್ತದೆ.