ಮಳೆಗಾಲಕ್ಕೆ ಡ್ರೈ ಫುಡ್, ಉಳಿದಂತೆ ಕೋಳಿ ಕುತ್ತಿಗೆ

ಹಸಿ ಮಾಂಸ ಹಾಕಿದರೆ ನಾಯಿಗೆ ರಕ್ತದ ರುಚಿ ಹತ್ತುತ್ತದೆ, ನಾಳೆ ಮಕ್ಕಳನ್ನು ಕಚ್ಚುತ್ತದೆ ಅಂತ ಕಾರವಾರದ ಕೋಡಿಬಾಗದ ನಮ್ಮ ಓಣಿಯಲ್ಲಿ ಹೇಳದವರಿಲ್ಲ. ನಾನು ಹಾಕಲು ಶುರು ಮಾಡಿ ಮೂರು ವರ್ಷ ಆಯ್ತು. ನಮ್ಮ ಲ್ಯಾಬ್ರಡಾರ್ ಬೆಳ್ಳಿಯಾಗಲಿ, ಬೀದಿಯಿಂದ ಬಂದ ಕರಿಯನಾಗಲಿ ಕಚ್ಚಿದ್ದು ಒಂದೇ, ಆಯಿಯ ಚಪ್ಪಲಿ. ಅದೂ ಬರೀ ಡ್ರೈ ಫುಡ್, ಅಂದರೆ ಚೀಲದಲ್ಲಿ ಬರುವ ನಾಯಿಯ ಒಣ ಆಹಾರ, ತಿನ್ನುತ್ತಿದ್ದಾಗ.

ಶುರು ಮಾಡಿದ್ದು ದುಡ್ಡಿಗೆ, ಸುಳ್ಳು ಯಾಕೆ ಹೇಳಲಿ. ಎರಡೂ ಸೇರಿ 45 ಕೆಜಿ ತೂಗುತ್ತವೆ. 20 ಕೆಜಿ ಚೀಲ ಒಂದು ತಿಂಗಳ ಮೇಲೆ ನಾಲ್ಕೈದು ದಿನ ಬರುತ್ತಿತ್ತು, ನಾಲ್ಕು ಸಾವಿರದ ಆಸುಪಾಸು. ಕೋಳಿ ಅಂಗಡಿಯವನು ಕುತ್ತಿಗೆ ಮತ್ತು ಕಾಲುಗಳನ್ನು ಕೆಜಿಗೆ 60 ರೂಪಾಯಿಯಂತೆ ಕೊಡುತ್ತಿದ್ದ. ದಿನಕ್ಕೆ ಒಂದು ಕೆಜಿ ಚಿಲ್ಲರೆ ಸಾಕು. ಲೆಕ್ಕ ಹಾಕಿ ಹಿಗ್ಗಿದ್ದೇ ಹಿಗ್ಗಿದ್ದು.

ಮೊದಲ ತಪ್ಪು, ಒಂದೇ ರಾತ್ರಿಯಲ್ಲಿ ಬದಲಿಸಿದ್ದು. ಅದರ ಮೇಲೆ ಲಿವರ್ ಅಗ್ಗಕ್ಕೆ ಸಿಕ್ಕಿತು ಅಂತ ಅರ್ಧ ಪಾಲು ಅದನ್ನೇ ಸುರಿದೆ. ಮರುದಿನ ಜಗಲಿ ಮೂರು ಸಲ ತೊಳೆದೆ. ಆಮೇಲೆ ಹೆದರಿ ಬರೀ ಕುತ್ತಿಗೆ, ಕಾಲು ಹಾಕಿದೆ. ಎಲುಬು ಜಾಸ್ತಿಯಾಗಿ ಮಲ ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿ. ಕರಿಯ ತೆಂಗಿನ ಮರದ ಬುಡದಲ್ಲಿ ಕೂತು ತಿಣುಕುವುದು ನೋಡಲಾಗಲಿಲ್ಲ. ಡಾಕ್ಟರು ಬೈದರು, ಬೈಸಿಕೊಂಡೆ.

ಈಗ ಎಲುಬಿಲ್ಲದ ಮಾಂಸವೇ ಹೆಚ್ಚು. ಲಿವರ್ ಇಪ್ಪತ್ತರಲ್ಲಿ ಒಂದು ಪಾಲು ದಾಟುವುದಿಲ್ಲ. ತಕ್ಕಡಿ ಮೂಲೆ ಸೇರಿದೆ, ಮಲ ನೋಡಿಯೇ ಹಾಕುತ್ತೇನೆ. ಬೆಳ್ಳಗಾದರೆ ಕುತ್ತಿಗೆ ಕಡಿಮೆ, ನೀರಾದರೆ ಲಿವರ್ ಬಂದ್. ಮಾಂಸ ಸೇರಿದ ಮೇಲೆ ಖರ್ಚು ಮೂರೂವರೆ ಸಾವಿರಕ್ಕೆ ಏರಿತು. ಫ್ರೀಜರಿನ ಕರೆಂಟ್ ಬಿಲ್ ಸೇರಿಸಿದರೆ ಉಳಿತಾಯ ಸೊನ್ನೆ. ಆದರೆ ಬೆಳ್ಳಿಯ ಕೆರೆತ ನಿಂತಿತು. ಕೂದಲು ನೋಡಿದವರು ಎಣ್ಣೆ ಹಚ್ಚಿದ್ದೀರಾ ಅಂತ ಕೇಳುತ್ತಾರೆ.

ಅದು ಕೋಳಿಯಿಂದಲೋ, ಜೊತೆಗೆ ಹಾಕುತ್ತಿದ್ದ ತಾರ್ಲೆ (ಬೂತಾಯಿ) ಮೀನಿನಿಂದಲೋ ಹೇಳಲಾರೆ. ಬೈತಖೋಲ ಬಂದರಲ್ಲಿ ತಾರ್ಲೆ ರಾಶಿ ಬಿದ್ದ ದಿನ ಚೀಲ ಹಿಡಿದು ಹೋಗುತ್ತಿದ್ದೆ. ಹಸಿ ತಾರ್ಲೆಯನ್ನು ದಿನಾ ಹಾಕಬಾರದು, ಬಿ1 ವಿಟಮಿನ್ ಹಾಳು ಮಾಡುವ ಅಂಶ ಅದರಲ್ಲಿದೆ. ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ಅದೂ ಹೋಗುತ್ತದೆ, ಮುಳ್ಳೂ ಮೆತ್ತಗಾಗುತ್ತದೆ. ಕೋಳಿ ಎಲುಬಿಗೆ ಮಾತ್ರ ಈ ಉಪಾಯ ಬೇಡ, ಬೇಯಿಸಿದ್ದು ಚೂಪಾಗಿ ಸಿಗಿಯುತ್ತದೆ. ಒಣ ಮೀನೂ ಹಾಕಿ ನೋಡಿದೆ. ಉಪ್ಪಿಗೆ ರಾತ್ರಿಯಿಡೀ ನೀರು ಕುಡಿದು ಎರಡೂ ನಮ್ಮನ್ನು ಮಲಗಗೊಡಲಿಲ್ಲ.

ನಿಜವಾದ ಪೆಟ್ಟು ಜೂನಿನಲ್ಲಿ. ಹಳೆ ಫ್ರೀಜರಿಗೆ 9,000 ಕೊಟ್ಟಿದ್ದೆ, ಒಳಗೆ 14 ಕೆಜಿ ತುಂಬಿದ್ದೆ. ಗಾಳಿ ಮಳೆಗೆ ಎರಡು ದಿನ ಕರೆಂಟಿಲ್ಲ. ಮುಚ್ಚಳ ತೆರೆದರೆ ಗುಲಾಬಿ ನೀರಲ್ಲಿ ಕವರುಗಳು ತೇಲುತ್ತಿದ್ದವು. ಹಿತ್ತಲಲ್ಲಿ ಹೂತೆ. ರಾತ್ರಿ ಇಬ್ಬರೂ ಸೇರಿ ಅಗೆದು ತಿಂದರು. ಆಸ್ಪತ್ರೆಗೆ 1,800.

ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈ ಫುಡ್. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಬೋಟು ನಿಲ್ಲುತ್ತವೆ, ತಾರ್ಲೆ ಎಲ್ಲಿಂದ ತರೋದು? ದೊಡ್ಡ ಚೀಲ ಮಾತ್ರ ತರುವುದಿಲ್ಲ. ನಮ್ಮ ಮಳೆಗೆ ಹತ್ತು ದಿನದಲ್ಲೇ ಮುಗ್ಗಲು ವಾಸನೆ. 3 ಕೆಜಿಯದ್ದು ತಂದು ಚೀಲದ ಸಮೇತ ಡಬ್ಬಿಗಿಳಿಸಿ ಬಿಗಿಯಾಗಿ ಮುಚ್ಚುತ್ತೇನೆ. ದುಬಾರಿ, ಇರಲಿ. ಮೇ ಕೊನೆಯಲ್ಲಿ ಹತ್ತು ದಿನ ಬೆರೆಸುತ್ತಾ ಹೋಗುತ್ತೇನೆ. ಆಗ ಹೊಟ್ಟೆ ಕೆಡದ ಹಾಗೆ ಒಂದು ವಸ್ತು ಸೇರಿಸುತ್ತೇನೆ, ಅದು ಆಯಿಯ ಅಡುಗೆಮನೆಯದ್ದು. ಇಷ್ಟು ಸಾಕು.

ಎಲ್ಲರಿಗಿಂತ ಜಾಸ್ತಿ ಬೈದ ಪಕ್ಕದ ಮನೆಯವರು ಮೊನ್ನೆ ಗೇಟಿನ ಹತ್ತಿರ ನಿಂತು, ಕುತ್ತಿಗೆ ಯಾವ ಅಂಗಡಿಯಿಂದ ತರ್ತೀರಿ ಅಂದರು. ಸುಮ್ನೆ ನಕ್ಕೆ. ಈಗಲೇ ಕೆಜಿಗೆ 80 ಮಾಡಿದ್ದಾನೆ.