ಮೊದಲು ದೋಣಿ, ಆಮೇಲೆ ಕೋಟೆ: ಇಪ್ಪತ್ತು ಮಂದಿಯ ಎರಡು ದಿನದ ಕಾಸರಗೋಡು ಪ್ರವಾಸ

ನಾಲ್ಕಾರು ಮನೆಯವರು ಸೇರಿ ಪ್ರವಾಸ ಹೊರಡುವುದೆಂದರೆ ಮೊದಲು ಬರುವ ಪ್ರಶ್ನೆ, ‘ಬೇಕಲಕ್ಕೆ ಯಾವತ್ತು?’ ಅಲ್ಲಿಗೇ ಲೆಕ್ಕ ತಲೆಕೆಳಗಾಗುತ್ತದೆ. ಬೇಕಲ ಕೋಟೆ ಮುನ್ನೂರೈವತ್ತು ವರ್ಷಕ್ಕೂ ಮೇಲಿನಿಂದ ಅಲ್ಲೇ ಇದೆ, ಇನ್ನೂ ಇರುತ್ತದೆ. ನೀಲೇಶ್ವರದ ಹೌಸ್‌ಬೋಟ್ ಹಾಗಲ್ಲ. ಡಿಸೆಂಬರ್ ರಜೆಯಲ್ಲಿ ಒಂದು ಭಾನುವಾರ ಕೈ ತಪ್ಪಿದರೆ ಮುಂದಿನ ಭಾನುವಾರವೂ ಸಿಗುವ ಖಾತ್ರಿ ಇಲ್ಲ. ಆದ್ದರಿಂದ ದೋಣಿಯ ದಿನ ಮತ್ತು ಹೊತ್ತು ಗೊತ್ತಾಗಲಿ, ಕೋಟೆ, ದೇವಸ್ಥಾನ, ಊಟ ಎಲ್ಲವನ್ನೂ ಅದರ ಸುತ್ತ ಹೊಂದಿಸಿ.

ತಿಂಗಳು ಯಾವುದು? ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಅಕ್ಟೋಬರ್‌ನಲ್ಲೂ ಕೋಟೆಯ ಮುರಕಲ್ಲಿನ ಮೆಟ್ಟಿಲುಗಳಲ್ಲಿ ಪಾಚಿ ಉಳಿದಿರುತ್ತದೆ, ಜಾರುತ್ತದೆ. ಮಾರ್ಚ್ ದಾಟಿದರೆ ಬೇಕಲದ ಬಯಲಿನಲ್ಲಿ ಹತ್ತು ಗಂಟೆಯ ಮೇಲೆ ವಯಸ್ಸಾದವರನ್ನು ನಡೆಸುವುದು ಕಷ್ಟ.

ದೋಣಿ ಹಿಡಿಯುವುದು

ಕಾಸರಗೋಡು ಜಿಲ್ಲೆಯಲ್ಲಿ ಹೌಸ್‌ಬೋಟ್‌ಗಳು ಹೆಚ್ಚಾಗಿ ಹೊರಡುವುದು ನೀಲೇಶ್ವರದ ಪಕ್ಕದ ಕೋಟಪ್ಪುರಂನಿಂದ. ತೇಜಸ್ವಿನಿ ಹೊಳೆ ಸಮುದ್ರ ಸೇರುವ ಮೊದಲು ಹರಡಿಕೊಳ್ಳುವ ಜಾಗ ಅದು. ಅಲ್ಲಿಂದ ತೆಂಕಕ್ಕೆ ವಲಿಯಪರಂಬದ ಹಿನ್ನೀರು, ನಡುನಡುವೆ ತೆಂಗು ತುಂಬಿದ ಕುದ್ರುಗಳು.

ಇಪ್ಪತ್ತು ಮಂದಿಗೆ ರಾತ್ರಿ ತಂಗುವ ದೋಣಿ ಬೇಡ. ಎರಡು ಕೋಣೆಯ ದೋಣಿಯಲ್ಲಿ ನೆಮ್ಮದಿಯಾಗಿ ಮಲಗುವುದು ನಾಲ್ವರು. ಐದು ದೋಣಿ ಹಿಡಿದರೆ ಗುಂಪು ಐದು ಪಾಲಾಗುತ್ತದೆ, ಖರ್ಚು ಐದು ಪಟ್ಟಾಗುತ್ತದೆ. ಸಂಜೆ ಹೇಗೂ ದೋಣಿ ಕಟ್ಟಿಬಿಡುತ್ತಾರೆ, ರಾತ್ರಿ ನೀರಿನಲ್ಲಿ ಮೀನುಗಾರರ ಬಲೆ ಇರುತ್ತದೆ. ಕಟ್ಟಿದ ದೋಣಿಯಲ್ಲಿ ಮಲಗಲು ಅಷ್ಟು ದುಡ್ಡು ಯಾಕೆ? ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗಿನ ಹಗಲು ಪ್ರಯಾಣ ಸಾಕು. ಕೋಣೆ ಊರಿನಲ್ಲಿ ಮಾಡಿ.

ಮುಂಗಡ ಕೊಡುವ ಮೊದಲು ಒಬ್ಬರು ಹೋಗಿ ದೋಣಿ ನೋಡಿ ಬರಬೇಕು. ಫೋಟೊ ನಂಬಬೇಡಿ. ಬದಿಯಲ್ಲಿ ನೋಂದಣಿ ಸಂಖ್ಯೆ ಬರೆದಿದೆಯೇ? ಎಷ್ಟು ಮಂದಿಗೆ ಪರವಾನಗಿ, ಅದರಲ್ಲಿ ಮೇಲಿನ ಅಟ್ಟಕ್ಕೆ ಎಷ್ಟು ಮಂದಿ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇರೆ ಇದೆಯೇ? ಶೌಚಾಲಯ ಎಷ್ಟು? ಇಪ್ಪತ್ತು ಮಂದಿ ಐದು ಗಂಟೆ ಇರುವಲ್ಲಿ ಒಂದೇ ಶೌಚಾಲಯವಾದರೆ ಮಧ್ಯಾಹ್ನದ ಊಟ ಮುಗಿದಾಗ ಅದರ ಫಲ ಗೊತ್ತಾಗುತ್ತದೆ. ‘ಇನ್ನೂ ನಾಲ್ಕು ಮಂದಿ ಬಂದರೂ ಅಡ್ಡಿಯಿಲ್ಲ’ ಎಂದು ಮಾಲಕರೇ ಹೇಳಿದರೆ ಆ ದೋಣಿ ಬಿಟ್ಟುಬಿಡಿ. ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿ ಮುಳುಗಿ ಸತ್ತ ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. 2009ರಲ್ಲಿ ತೇಕ್ಕಡಿಯಲ್ಲಿ 45 ಮಂದಿ ಹೋದದ್ದು, ಕಾಡುಪ್ರಾಣಿ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗಿದಾಗ. ನಿಮ್ಮ ಗುಂಪಿನಲ್ಲೂ ಹಕ್ಕಿ ಕಂಡ ಕೂಡಲೇ ‘ಇಲ್ಲಿ ಬನ್ನಿ, ಇಲ್ಲಿ ಬನ್ನಿ’ ಎನ್ನುವವರು ಇದ್ದೇ ಇರುತ್ತಾರೆ. ಹತ್ತುವಾಗಲೇ ಹೇಳಿಬಿಡಿ: ಗ್ರೂಪ್ ಫೋಟೊ ದೋಣಿಯ ಮೇಲೆ ಬೇಡ, ಕಡವಿನಲ್ಲಿ ನಿಂತು ತೆಗೆಯೋಣ.

ಇನ್ನು ಭರತ-ಇಳಿತ. ಹಿನ್ನೀರು ಕೊಳದಂತೆ ಕಂಡರೂ ಸಮುದ್ರದ ಜೊತೆ ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ವ್ಯತ್ಯಾಸ ಹೆಚ್ಚು. ಪೂರ್ತಿ ಇಳಿತದಲ್ಲಿ ಹೊರಟರೆ ದೋಣಿ ಸಣ್ಣ ಕವಲುಗಳಿಗೆ ಹೋಗದೆ ನಡುನೀರಿನಲ್ಲೇ ಸುತ್ತಿ ಬರುತ್ತದೆ. ಹೋದರೆ ಹೊಯಿಗೆ ದಿಬ್ಬದಲ್ಲಿ ತಳ ಕೂತೀತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ: ಶನಿವಾರ ಹತ್ತಕ್ಕಿದ್ದರೆ ಭಾನುವಾರ ಹತ್ತೂ ಐವತ್ತರ ಆಸುಪಾಸು. ದಿನ ಹೇಳಿ ಸ್ರಾಂಕನನ್ನೇ ಕೇಳಿ, ‘ಅವತ್ತು ನೀರು ಯಾವಾಗ ಏರುತ್ತದೆ?’ ಬುಕಿಂಗ್ ಮಾಡುವವರಿಗಿಂತ ದೋಣಿ ನಡೆಸುವ ಅವನಿಗೆ ಅದು ಚೆನ್ನಾಗಿ ಗೊತ್ತು.

ಊಟದ ಮಾತು ಎರಡು ದಿನ ಮೊದಲೇ ಮುಗಿಯಲಿ. ದೋಣಿಯ ಅಡುಗೆಮನೆ ಚಿಕ್ಕದು, ಒಲೆ ಒಂದೋ ಎರಡೋ. ಸಸ್ಯಾಹಾರಿಗಳು ಎಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಹೇಳಿ, ಅವರ ಪಾತ್ರೆ, ಸೌಟು ಬೇರೆ ಇರಲಿ ಎಂದೂ ಹೇಳಿ. ಮೀನು ಹುರಿದ ಬಾಣಲೆಯಲ್ಲೇ ಹಪ್ಪಳ ಕರಿದರೆಂದು ಅರ್ಧ ಗುಂಪು ಉಪವಾಸ ಕೂರುವುದು ಬೇಡ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಒಂದನ್ನು ನೀವೇ ಹತ್ತಿಸಿಕೊಳ್ಳಿ.

ದುಡ್ಡು

ಖರ್ಚನ್ನು ಎರಡು ಭಾಗ ಮಾಡಿ. ಬಸ್ಸು, ದೋಣಿಯ ಬಾಡಿಗೆ ತಲೆ ಎಷ್ಟಿದ್ದರೂ ಅಷ್ಟೇ. ಊಟ, ಟಿಕೆಟ್, ಕೋಣೆ ತಲೆಗಿಷ್ಟು. ಬಸ್ಸು, ದೋಣಿ ಸೇರಿ 24,000 ರೂಪಾಯಿ ಎಂದಿಟ್ಟುಕೊಳ್ಳಿ. ಇಪ್ಪತ್ತು ಮಂದಿಗೆ ತಲಾ 1,200. ಹಿಂದಿನ ದಿನ ಮೂವರು ‘ನಮಗಾಗುವುದಿಲ್ಲ’ ಎಂದರೆ ಉಳಿದ ಹದಿನೇಳು ಮಂದಿಗೆ ತಲಾ 1,412. ಈ 212 ರೂಪಾಯಿಯೇ ಆಮೇಲೆ ಮುನಿಸಿಗೆ ಕಾರಣ. ಆದ್ದರಿಂದ ಮೊದಲ ಭಾಗವನ್ನು ಹೆಸರು ಕೊಡುವಾಗಲೇ ವಸೂಲು ಮಾಡಿ, ಬಾರದಿದ್ದರೂ ವಾಪಸಿಲ್ಲ ಎಂದು ಹೇಳಿಬಿಡಿ. ಎರಡನೆಯ ಭಾಗ ಮಾತ್ರ ವಾಪಸು. ನೆಂಟರೆದುರು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಿ.

ಇಪ್ಪತ್ತು ಮಂದಿಗೆ 26 ಸೀಟಿನ ಮಿನಿಬಸ್ ಬೇಕು. ಹಿಂದಿನ ಸಾಲು ಹೇಗೂ ಬ್ಯಾಗುಗಳ ಪಾಲು.

ಮೊದಲ ದಿನ: ಕುಂಬಳೆಯಿಂದ ಚಂದ್ರಗಿರಿ

ಬೆಳಗ್ಗೆ ಅನಂತಪುರದಿಂದ ಶುರು ಮಾಡಿ. ಕುಂಬಳೆಯ ಹತ್ತಿರದ ಈ ಕೆರೆ ದೇವಸ್ಥಾನ ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂಬ ಪ್ರತೀತಿ. ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಆಮೇಲೆ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿದೆ, ಆದರೆ ಮಕ್ಕಳಿಗೆ ‘ಮೊಸಳೆ ತೋರಿಸುತ್ತೇವೆ’ ಎಂದು ಮಾತು ಕೊಡಬೇಡಿ. ಅಲ್ಲಿಂದ ಮಧೂರಿನ ಗಣಪತಿ ದೇವಸ್ಥಾನ. ಆನೆಯ ಬೆನ್ನಿನಂತೆ ಹಿಂದೆ ದುಂಡಗಾದ ಗಜಪೃಷ್ಠದ ಗರ್ಭಗುಡಿ ಕಾಣಬೇಕಾದರೆ ಮುಂದೆ ನಿಂತು ಕೈಮುಗಿದು ಮರಳಿದರೆ ಸಾಲದು, ಒಂದು ಸುತ್ತು ಬರಬೇಕು. ಮಧ್ಯಾಹ್ನ ನಡೆ ಮುಚ್ಚುವ ಮೊದಲು ಎರಡೂ ಮುಗಿಯಲಿ. ಮಧೂರಿನ ಅಪ್ಪದ ಪ್ರಸಾದ ಬೇಕಾದರೆ, ತಲುಪಿದ ಕೂಡಲೇ ರಶೀದಿ ಮಾಡಿಸಿ.

ನಾಲ್ಕರ ಮೇಲೆ ಚಂದ್ರಗಿರಿ ಕೋಟೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಸುಮಾರು ಏಳು ಎಕರೆ. ಹೊಳೆಯ ತೆಂಕು ದಡದ ಗುಡ್ಡದ ಮೇಲೆ ಕೋಟೆ ಯಾಕೆ ಬೇಕಿತ್ತೆಂದು ಯಾರೂ ವಿವರಿಸಬೇಕಿಲ್ಲ. ಗೋಡೆಯ ಮೇಲೆ ನಿಂತರೆ ಕೆಳಗೆ ಚಂದ್ರಗಿರಿ ಹೊಳೆ, ಪಡುವಣಕ್ಕೆ ಸಮುದ್ರ. ತುಳುನಾಡಿನ ತೆಂಕಣ ಗಡಿ ಎಂದು ಹಿರಿಯರು ಹೇಳುತ್ತಿದ್ದುದು ಇದೇ ಹೊಳೆಯನ್ನು. ಅಂಗಡಿ, ಶೌಚಾಲಯ ನಂಬಿ ಹತ್ತಬೇಡಿ. ಕೊನೆಯ ತುಂಡು ದಾರಿ ನಡೆದೇ ಹೋಗಿ, ಅಲ್ಲಿ ಬಸ್ಸು ತಿರುಗಿಸಲು ಹೊರಟರೆ ಅರ್ಧ ಗಂಟೆ ಹೋಯಿತು.

ಎರಡನೆಯ ದಿನ: ಬೇಕಲ, ಆಮೇಲೆ ನೀರು

ಬೇಕಲದ ಬಾಗಿಲು ಎಂಟಕ್ಕೆ ತೆರೆಯುತ್ತದೆ, ಎಂಟಕ್ಕೇ ಅಲ್ಲಿರಿ. ಟಿಕೆಟನ್ನು ಹಿಂದಿನ ರಾತ್ರಿ ಆನ್‌ಲೈನಿನಲ್ಲಿ ಒಬ್ಬರೇ ಎಲ್ಲರಿಗೂ ತೆಗೆಯಲಿ. 15 ವರ್ಷದೊಳಗಿನವರಿಗೆ ಬೇಡ. ಡ್ರೋನ್ ತಂದವರಿದ್ದರೆ ಬಸ್ಸಿನಲ್ಲೇ ಇಡಲಿ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಸುಮಾರು 40 ಎಕರೆ, ಕೇರಳದ ಅತಿ ದೊಡ್ಡ ಕೋಟೆ. ಎಲ್ಲವನ್ನೂ ಸುತ್ತುವ ಹಠ ಬೇಡ, ಎರಡೇ ಜಾಗಗಳಿಗೆ ಹೊತ್ತು ಕೊಡಿ. ಒಂದು, ನಡುವಿನ ವೀಕ್ಷಣಾ ಗೋಪುರ. ಮೇಲಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು. ಹಾಗಾಗಿ ಮೊಣಕಾಲು ನೋವಿನವರೂ ನಿಧಾನವಾಗಿ ಹತ್ತಬಹುದು. ಇನ್ನೊಂದು, ಸಮುದ್ರದ ಬದಿಯ ಗೋಡೆಯ ಕೋವಿಕಂಡಿಗಳು. ಗೋಡೆಗೆ ಒರಗಿ ಒಂದೊಂದಕ್ಕೂ ಕಣ್ಣಿಟ್ಟು ನೋಡಿ. ಮೇಲಿನ ಕಂಡಿಯಲ್ಲಿ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಲ್ಲಿ ಇನ್ನಷ್ಟು ಹತ್ತಿರ, ತೀರ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಹತ್ತಿರ ಬಂದ ಹಾಗೆ ಕಂಡಿ ಬದಲಿಸಿ ಗುಂಡು ಹಾರಿಸಲು ಮಾಡಿದ ಏರ್ಪಾಡು. ಚರಿತ್ರೆಯ ಪಾಠಕ್ಕೆ ಆಕಳಿಸುವ ಮಕ್ಕಳೂ ಇಲ್ಲಿ ಸಾಲು ನಿಲ್ಲುತ್ತಾರೆ. ಗೋಡೆಯ ಮೇಲೆ ಹತ್ತಿ ಸೆಲ್ಫಿ ಮಾತ್ರ ಬೇಡ, ಅಂಚಿಗೆ ಬೇಲಿಯಿಲ್ಲ.

ಒಂಬತ್ತೂಮುಕ್ಕಾಲಿಗೆ ತಲೆ ಎಣಿಸಿ ಬಸ್ಸು ಬಿಡಿ. ಕಾಞಂಗಾಡ್ ದಾಟಿ ಕೋಟಪ್ಪುರಂ ತಲುಪಲು ಒಂದು ಗಂಟೆ ಇಟ್ಟುಕೊಳ್ಳಿ. ದಾರಿಯ ಹೊಸದುರ್ಗವೂ ಕೆಳದಿಯವರದೇ, ಹೆಸರೇ ಹೇಳುವ ಹಾಗೆ ‘ಹೊಸ’ ಕೋಟೆ. ಹೊತ್ತಿದ್ದರೆ ಬಸ್ಸಿನಿಂದಲೇ ತೋರಿಸಿ, ಇಳಿಯಬೇಡಿ. ಹನ್ನೊಂದಕ್ಕೆ ಬರುವ ಬದಲು ಹನ್ನೆರಡಕ್ಕೆ ಬಂದರೂ ದೋಣಿ ಕಡವಿಗೆ ಮರಳುವುದು ನಾಲ್ಕಕ್ಕೇ. ಹೆಚ್ಚಿನ ಗಂಟೆಗೆ ಎಷ್ಟು ಎಂದು ಮುಂಗಡದ ಚೀಟಿಯಲ್ಲೇ ಬರೆಸಿರಿ.

ಹತ್ತುವಾಗ ಚಪ್ಪಲಿ ಹೊರಗೆ ಬಿಡಬೇಕು. ಇಪ್ಪತ್ತು ಜೊತೆ ಒಂದೇ ರಾಶಿಯಾದರೆ ಇಳಿಯುವಾಗ ಹಲಗೆಯ ಹತ್ತಿರ ಎಲ್ಲರೂ ಬಗ್ಗಿ ಹುಡುಕುತ್ತಾರೆ, ದೋಣಿ ಆ ಬದಿಗೇ ವಾಲುತ್ತದೆ. ಮನೆಗೊಂದರಂತೆ ಬಟ್ಟೆಯ ಚೀಲ ತರಲು ಹೇಳಿ, ಚಪ್ಪಲಿ ಅದರಲ್ಲಿ ಹಾಕಿಕೊಂಡು ಹತ್ತಲಿ.