ಟ್ಯಾರೋ ಕಲಿಯಬೇಕಾ? ಮೊದಲು ಆ ಪುಟ್ಟ ಪುಸ್ತಕ ಪಕ್ಕಕ್ಕಿಡಿ

ಟ್ಯಾರೋ ಅಂದರೆ ಚಿತ್ರದ ಕಾರ್ಡುಗಳನ್ನು ತೆಗೆದು, ನಮ್ಮ ಪ್ರಶ್ನೆಗೆ ಅವು ಏನು ಹೇಳುತ್ತವೆ ಅಂತ ಓದುವುದು. ಅದರ ಡೆಕ್ (ಕಾರ್ಡುಗಳ ಕಟ್ಟು) ಕೊಂಡರೆ ಡಬ್ಬಿಯೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ಪುಸ್ತಕವೂ ಇರುತ್ತದೆ. ಒಂದೊಂದು ಕಾರ್ಡಿಗೆ ಎರಡೆರಡು ಸಾಲು ಅರ್ಥ. ನಾನು ಮೊದಲ ಮೂರು ತಿಂಗಳು ಅದನ್ನೇ ಬಾಯಿಪಾಠ ಮಾಡಿದೆ, ಪರೀಕ್ಷೆಗೆ ಓದಿದ ಹಾಗೆ. 78 ಕಾರ್ಡು. ನೇರ ಬಿದ್ದರೆ ಒಂದು ಅರ್ಥ, ತಲೆಕೆಳಗಾಗಿ ಬಿದ್ದರೆ ಇನ್ನೊಂದು. ಒಟ್ಟು 156! ಆಮೇಲೊಂದು ದಿನ ಗೆಳತಿಗೆ ಕಾರ್ಡು ತೆಗೆದು ಕೂತರೆ ಒಂದು ಅರ್ಥವೂ ನೆನಪಿಗೆ ಬರಲಿಲ್ಲ. ನಾನು ತಡವರಿಸುತ್ತಿದ್ದಾಗ ಅವಳೇ ಕಾರ್ಡನ್ನು ಕೈಗೆತ್ತಿಕೊಂಡಳು. "ಇವನ್ಯಾಕೆ ಹೀಗೆ ಕೈ ಕಟ್ಕೊಂಡು ಮರದ ಕೆಳಗೆ ಕೂತಿದಾನೆ? ಪಕ್ಕದಲ್ಲೇ ಯಾರೋ ಬಟ್ಟಲು ಕೊಡ್ತಿದಾರೆ, ಆ ಕಡೆ ನೋಡ್ತಾನೂ ಇಲ್ವಲ್ಲ" ಅಂದಳು. ಅದು ಫೋರ್ ಆಫ್ ಕಪ್ಸ್, ಅಂದರೆ ನಾಲ್ಕು ಬಟ್ಟಲಿನ ಕಾರ್ಡು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಇದನ್ನೇ ಮಾಡ್ತಿದೀನಿ ಅಲ್ವಾ" ಅಂದಳು.

ನಾನಿನ್ನೂ ಬಾಯಿಯೇ ಬಿಟ್ಟಿರಲಿಲ್ಲ. ಅವತ್ತಿನಿಂದ ನನ್ನ ಓದುವ ಕ್ರಮವೇ ಬದಲಾಯಿತು. ಮೊದಲು ಚಿತ್ರ, ಆಮೇಲೆ ಅರ್ಥ.

ಇದಕ್ಕೆ ಡೆಕ್ ಕೂಡ ಸಹಕರಿಸಬೇಕು. ಹೊಸಬರು ರೈಡರ್-ವೇಟ್ ಡೆಕ್ ತೊಗೊಳ್ಳಿ ಅಂತಲೇ ಹೇಳುತ್ತೇನೆ. 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಹಳೆಯ ಮಾರ್ಸೇ ಮಾದರಿಯ ಡೆಕ್‌ಗಳಲ್ಲಿ ಸಣ್ಣ ಕಾರ್ಡುಗಳು, ಅಂದರೆ ಒಂದರಿಂದ ಹತ್ತರವರೆಗಿನ ಸಂಖ್ಯೆಯವು, ಹೆಚ್ಚುಕಡಿಮೆ ಇಸ್ಪೀಟ್ ಎಲೆಯ ಹಾಗೇ ಇರುತ್ತವೆ. ಏಳು ಕತ್ತಿ ಅಂದರೆ ಬರೀ ಏಳು ಕತ್ತಿ. ನೋಡಿ ಏನು ಹೇಳೋದು? ರೈಡರ್-ವೇಟ್‌ಗೆ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಸಣ್ಣ ಕಾರ್ಡುಗಳಲ್ಲೂ ಒಂದೊಂದು ಸನ್ನಿವೇಶ ತಂದಳು. ಡೆಕ್‌ಗೆ ನಿಂತ ಹೆಸರು ಮಾತ್ರ ಪ್ರಕಾಶಕ ರೈಡರ್‌ದು ಮತ್ತು ಬರೆಸಿದ ವೇಟ್‌ದು. ಅವಳ ಸುರುಳಿ ಸಹಿ ಕಾರ್ಡಿನ ಮೂಲೆಯಲ್ಲಿ ಸಿಗುತ್ತದೆ, ಹುಡುಕಿ ನೋಡಿ.

ಡೆಕ್ಕನ್ನು ಯಾರಾದರೂ ಉಡುಗೊರೆ ಕೊಟ್ಟರೇನೇ ಫಲಿಸೋದು, ರೇಷ್ಮೆ ಬಟ್ಟೆಯಲ್ಲೇ ಸುತ್ತಿಡಬೇಕು ಅಂತೆಲ್ಲ ಹೇಳುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಟ್ಯಾರೋ ಶುರುವಾಗಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯ ಒಂದು ಆಟವಾಗಿ. ಇದು ಈಜಿಪ್ಟಿನ ಪುರಾತನ ಜ್ಞಾನ ಅನ್ನುವ ಕಥೆಯನ್ನು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲಾನ್ ಹಬ್ಬಿಸಿದ. ಈಜಿಪ್ಟಿನ ಚಿತ್ರಲಿಪಿ ಓದಲು ಆಗ ಯಾರಿಗೂ ಬರುತ್ತಿರಲಿಲ್ಲ, ಆದರೂ ಧೈರ್ಯವಾಗಿ ಬರೆದುಬಿಟ್ಟ!

78ರಲ್ಲಿ 22 ಮೇಜರ್ ಆರ್ಕಾನಾ. ಅವು ಬದುಕಿನ ದೊಡ್ಡ ತಿರುವುಗಳು ಅಂದುಕೊಳ್ಳಿ. ಉಳಿದ 56 ಮೈನರ್, ದಿನನಿತ್ಯದ ಸಂಗತಿಗಳು. ಅದರಲ್ಲಿ ನಾಲ್ಕು ಗುಂಪು: ವಾಂಡ್ಸ್ (ಕೋಲು) ಅಂದರೆ ಕೆಲಸ, ಹುಮ್ಮಸ್ಸು. ಕಪ್ಸ್ ಮನಸ್ಸು, ಸಂಬಂಧ. ಸ್ವೋರ್ಡ್ಸ್ ಯೋಚನೆ, ಮಾತು, ಜಗಳ. ಪೆಂಟಕಲ್ಸ್ (ನಾಣ್ಯ) ದುಡ್ಡು, ಮನೆ, ಮೈ. ಸಂಖ್ಯೆಗೂ ಒಂದು ಗುಣವಿದೆ. ಒಂದು ಆರಂಭ, ಐದು ತಾಪತ್ರಯ, ಹತ್ತು ಮುಕ್ತಾಯ. ಕಪ್ಸ್ ಜೊತೆ ಐದು ಸೇರಿದರೆ ಮನಸ್ಸಿಗೆ ನೋವು ಅಂತ ನೀವೇ ಊಹಿಸಬಹುದು. ಕಾರ್ಡು ನೋಡಿದರೆ ಕಪ್ಪು ನಿಲುವಂಗಿಯವನೊಬ್ಬ ಚೆಲ್ಲಿಹೋದ ಮೂರು ಬಟ್ಟಲು ನೋಡುತ್ತಾ ನಿಂತಿದ್ದಾನೆ, ಬೆನ್ನ ಹಿಂದೆ ಎರಡು ಇನ್ನೂ ನೆಟ್ಟಗೇ ಇವೆ. ರಾಜ, ರಾಣಿ, ನೈಟ್ (ಕುದುರೆ ಸವಾರ), ಪೇಜ್ (ಅರಮನೆಯ ಸೇವಕ ಹುಡುಗ) ಕಾರ್ಡುಗಳು ಒಟ್ಟು 16. ಅವು ನನಗೆ ಈಗಲೂ ಕಷ್ಟವೇ. ಅವನ್ನು ವ್ಯಕ್ತಿ ಅನ್ನೋದಕ್ಕಿಂತ ವರ್ತನೆ ಅಂತ ಓದುತ್ತೇನೆ. ಪೇಜ್ ಕಲಿಯುವವನು, ನೈಟ್ ನುಗ್ಗುವವನು, ರಾಣಿ ಒಳಗೇ ಸಂಭಾಳಿಸುವವಳು, ರಾಜ ಹೊರಗೆ ನಡೆಸುವವನು.

ಇನ್ನು ಪ್ರಶ್ನೆ. ಓದು ಕೆಡೋದು ಜಾಸ್ತಿ ಇಲ್ಲೇ. "ಕೆಲಸ ಸಿಗುತ್ತಾ?" ಅಂತ ಕೇಳಿದರೆ ಕಾರ್ಡಿನಲ್ಲಿ ಹೌದು, ಇಲ್ಲ ಎಂದು ಬರೆದಿರೋದಿಲ್ಲ. "ಇಂಟರ್‌ವ್ಯೂಗೆ ತಯಾರಾಗುವಾಗ ನಾನು ಏನನ್ನು ಗಮನಿಸ್ತಾ ಇಲ್ಲ?" ಅಂತ ಕೇಳಿ ನೋಡಿ. "ಅವನ ಮನಸ್ಸಿನಲ್ಲೇನಿದೆ?" ಅನ್ನೋದನ್ನು ನಾನು ಓದುವುದೇ ಇಲ್ಲ, ಅದನ್ನು ಅವನನ್ನೇ ಕೇಳಬೇಕು. ಕಾಯಿಲೆ, ಕೋರ್ಟು ವಿಷಯವೂ ಬೇಡ, ಅದಕ್ಕೆ ಡಾಕ್ಟರು, ವಕೀಲರು ಇದ್ದಾರೆ. ಒಳ್ಳೆ ಕಾರ್ಡು ಬರೋವರೆಗೂ ಅದೇ ಪ್ರಶ್ನೆ ಕೇಳುತ್ತಾ ಕೂರುವುದೂ ಬೇಡ. (ನಾನು ಒಂದು ರಾತ್ರಿ ಹನ್ನೊಂದು ಸಲ ಕೇಳಿದ್ದೇನೆ. ಹಾಗಾಗಿ ಗೊತ್ತು.)

ಹತ್ತು ಕಾರ್ಡು ಹರಡಿ ಓದುವ ಸೆಲ್ಟಿಕ್ ಕ್ರಾಸ್ ಕ್ರಮ ಆಮೇಲೆ ನೋಡಿಕೊಳ್ಳೋಣ. ಮೊದಲ ತಿಂಗಳು ದಿನಕ್ಕೊಂದೇ ಕಾರ್ಡು. ಆಮೇಲೆ ಮೂರು. ನನ್ನ ಮೂರು ಸ್ಥಾನಗಳು ಇವು: ಈಗ ಏನಾಗ್ತಿದೆ, ನಾನು ನೋಡದೇ ಇರೋದು ಏನು, ನಾಳೆ ಮಾಡಬಹುದಾದ ಒಂದು ಕೆಲಸ ಯಾವುದು.

ಒಂದು ಉದಾಹರಣೆ. ಹಳೆಯ ಸ್ನೇಹಿತೆಯ ಜೊತೆ ಮಾತು ನಿಂತುಹೋಗಿತ್ತು. ಕಾರ್ಡು ಕಲೆಸಿ ಮೂರು ತೆಗೆದೆ. ಟು ಆಫ್ ಸ್ವೋರ್ಡ್ಸ್, ಏಟ್ ಆಫ್ ಸ್ವೋರ್ಡ್ಸ್, ಪೇಜ್ ಆಫ್ ಕಪ್ಸ್. ಅರ್ಥ ನೆನಪಿಸಿಕೊಳ್ಳದೆ ಸುಮ್ನೆ ನೋಡಿದೆ. ಮೊದಲೆರಡರಲ್ಲೂ ಹೆಂಗಸಿನ ಕಣ್ಣಿಗೆ ಬಟ್ಟೆ ಕಟ್ಟಿದೆ. ಮೊದಲನೆಯವಳು ಎದೆಗೆ ಅಡ್ಡವಾಗಿ ಎರಡು ಕತ್ತಿ ಹಿಡಿದು ಕೂತಿದ್ದಾಳೆ. ಅದು ನಾನೇ, ಹತ್ತಿರ ಬಂದವರಿಗೂ ಕತ್ತಿಯೇ ಕಾಣುವ ಹಾಗೆ ಕೂತಿದ್ದೆ. ಎರಡನೆಯವಳ ಕೈ ಕಟ್ಟಿದೆ, ಸುತ್ತ ಎಂಟು ಕತ್ತಿ. ಆದರೆ ಕಾಲು ಕಟ್ಟಿಲ್ಲ, ಮುಂದೆ ದಾರಿಗೆ ಅಡ್ಡ ಏನೂ ಇಲ್ಲ. ಅಂದರೆ ಅವಳು ನಡೆಯಬಹುದು, ನಡೆಯುತ್ತಿಲ್ಲ ಅಷ್ಟೇ. ಮೂರನೆಯದರಲ್ಲಿ ಒಬ್ಬ ಹುಡುಗನ ಬಟ್ಟಲಿನಿಂದ ಮೀನೊಂದು ತಲೆ ಹೊರಗೆ ಹಾಕಿದೆ, ಅವನು ಅದರ ಮಾತು ಕೇಳಿಸಿಕೊಳ್ಳುವವನ ಹಾಗೆ ನಿಂತಿದ್ದಾನೆ. ನೋಡಿದರೆ ನಗು ಬರುತ್ತದೆ. ದೊಡ್ಡ ಕ್ಷಮಾಪಣೆ ಪತ್ರ ಬೇಡ, ಒಂದು ಪೆದ್ದು ಜೋಕು ಕಳಿಸೋಣ ಅನ್ನಿಸಿತು. ಕಳಿಸಿದೆ. ಉತ್ತರ ಬರಲು ಎರಡು ದಿನ ಹಿಡಿಯಿತು, ಬಂತು.

ಪಾತ್ರಗಳು ಯಾವ ಕಡೆ ನೋಡುತ್ತಿವೆ ಅನ್ನೋದನ್ನು ಯಾವಾಗಲೂ ಗಮನಿಸಿ. ಒಂದಕ್ಕೊಂದು ಬೆನ್ನು ಹಾಕಿದ ಎರಡು ಕಾರ್ಡು ಅಕ್ಕಪಕ್ಕ ಬಿದ್ದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ.

ತಲೆಕೆಳಗಾದ ಕಾರ್ಡುಗಳನ್ನು ಮೊದಲ ವರ್ಷ ನೇರ ಮಾಡಿಕೊಂಡೇ ಓದಿ. ಯಾರೂ ಬೈಯುವುದಿಲ್ಲ. ಡೆತ್ ಕಾರ್ಡು ಬಂದರೆ ಎದುರಿಗಿದ್ದವರ ಮುಖ ಬಾಡುತ್ತದೆ, ಆಗ ಕಾರ್ಡಿನ ಹಿನ್ನೆಲೆ ತೋರಿಸಿ. ಕುದುರೆ ಮೇಲೆ ಅಸ್ಥಿಪಂಜರ ಹೌದು, ಆದರೆ ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ಏನೋ ಒಂದು ಮುಗಿಯುತ್ತಿದೆ, ಅಷ್ಟು ಹೇಳಿ. ಸಾವಿನ ಭವಿಷ್ಯ ಹೇಳಿ ಯಾರನ್ನೂ ಹೆದರಿಸಬೇಡಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಪ್ರಶ್ನೆ, ಕಾರ್ಡು, ಕಂಡದ್ದು ಒಂದು ಸಾಲು. ತಿಂಗಳು ಬಿಟ್ಟು ಓದಿ ನೋಡಿ. ಸಿಡಿಲು ಬಡಿದ ಗೋಪುರದ ಚಿತ್ರವಿರುವ ಟವರ್ ಕಾರ್ಡು ಬಂದ ದಿನವೆಲ್ಲ ಏನಾದರೂ ಕೆಡುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ನೋಟ್‌ಬುಕ್ ತೆಗೆದರೆ ಆರು ಸಲ ಬಂದಿತ್ತು. ಒಂದು ದಿನ ಜಗಳ ಆಗಿತ್ತು, ಉಳಿದ ಐದು ದಿನ ಏನೂ ಇಲ್ಲ. ಆ ಒಂದೇ ನನಗೆ ನೆನಪಿದ್ದದ್ದು.

ಬೇರೆಯವರಿಗೆ ಓದುವಾಗ ಕಾರ್ಡುಗಳನ್ನು ಅವರ ಕಡೆಗೆ ತಿರುಗಿಸಿ ಇಡಿ, ನಿಮಗೆ ಉಲ್ಟಾ ಕಂಡರೂ ಪರವಾಗಿಲ್ಲ. "ಇದರಲ್ಲಿ ನಿಮಗೇನು ಕಾಣ್ತಿದೆ?" ಅಂತ ಕೇಳಿ ಸುಮ್ಮನಿರಿ. ಅರ್ಧ ನಿಮಿಷ ಯಾರೂ ಮಾತಾಡೋದಿಲ್ಲ, ಮುಜುಗರ ಆಗುತ್ತದೆ, ಏನಾದರೂ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳಿ.